ನಾಲ್ಕನೆಯ ಗುಂಡಿ

ನಮ್ಮ ಪಕ್ಷ ಆ ಮನುಷ್ಯನಿಗೆ ಪಾಲಿಕೆ ಚುನಾವಣೆಯ ಟಿಕೆಟ್ ಕೊಟ್ಟಿತೆಂದು ಗೊತ್ತಾದ ದಿನ, ಕೈಯಲ್ಲಿದ್ದ ಸೌಟನ್ನು ಅಡುಗೆ ಕಟ್ಟೆಯ ಮೇಲೆ ಬಡಿದೆ. ಅವನೇ ಎದುರಿಗಿದ್ದರೆ ಅವನ ತಲೆಯ ಮೇಲೆ ಬಡಿಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದಿನ ವಸ್ತಿಯಲ್ಲಿ, ಅಂದರೆ ಗುಡಿಸಲು ಕೇರಿಯಲ್ಲಿ, ನಮ್ಮ ಕಡೆಯ ಹೆಣ್ಣುಮಕ್ಕಳು ಬಹಳ. ಯಾದಗಿರಿ, ಕಲಬುರಗಿ ಕಡೆಯಿಂದ ಬಂದು ಉಳ್ಳಾಗಡ್ಡಿ ಆರಿಸುವವರು, ಮೆಣಸಿನಕಾಯಿಯ ತೊಟ್ಟು ಮುರಿಯುವವರು. ನನ್ನ ಗಂಡ ಯಾರ್ಡಿನ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತ. ನಾನು ಮದುವೆಯಾಗಿ ವಿಜಯಪುರದಿಂದ ಬಂದವಳು. ಹದಿನೆಂಟು ವರ್ಷಗಳಿಂದ ಪಕ್ಷದ ಕೆಲಸಕ್ಕೆ ಚಪ್ಪಲಿ ಸವೆಸಿದ್ದೇನೆ. ಈ ಹೆಣ್ಣುಮಕ್ಕಳಿಗೆ ಓಟಿನ ಕಾರ್ಡ್ ಮಾಡಿಸಿಕೊಟ್ಟವಳು ನಾನೇ, ಓಟು ಹಾಕಲು ಕಲಿಸಿದವಳೂ ನಾನೇ.

ಆ ವಸ್ತಿಗೆ ಇದ್ದದ್ದು ಹೆಂಗಸರಿಗೆಂದು ಒಂದೇ ಶೌಚಾಲಯ, ಆರು ಬಾಗಿಲಿನದು. ಟಿಕೆಟ್ ಸಿಕ್ಕ ಈ ಮಹಾರಾಯ ಅದರ ಪಕ್ಕದಲ್ಲಿ ಮಂಗಲ ಕಾರ್ಯಾಲಯ ಕಟ್ಟಿಸಿದ. ಮದುವೆಗೆ ಬಂದವರ ಕಾರು ನಿಲ್ಲಲು ಜಾಗ ಬೇಕಲ್ಲ! ರಿಪೇರಿ ಎಂದು ಬೀಗ ಹಾಕಿಸಿದ, ಆಮೇಲೆ ಕೆಡವಿಸಿದ, ಹೊಸದು ಕಟ್ಟಿಸಿಕೊಡುತ್ತೇನೆಂದು ಹೇಳಿ ಕಾರು ನಿಲ್ಲಲು ಫರಸಿ ಕಲ್ಲು ಹಾಸಿಸಿದ. ಹೆಂಗಸರು ಈಗ ಯಾರ್ಡಿನ ಒಳಗಿನದಕ್ಕೆ ಹೋಗಬೇಕು, ಅದು ಸಂಜೆಗೆ ಮುಚ್ಚುತ್ತದೆ. ವಸ್ತಿಯಲ್ಲೊಬ್ಬ ಹಿರಿಯಳಿದ್ದಾಳೆ, ಎಲ್ಲರೂ ಅವಳನ್ನು ಅತ್ತಿ ಎನ್ನುತ್ತೇವೆ. ಮೊಣಕಾಲು ನೋವಿನ ಆಕೆ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ಉರಿಮೂತ್ರವಾಗಿ ಎರಡು ಸಲ ದವಾಖಾನೆಗೆ ಕರೆದೊಯ್ದೆ. ಹೊಸ ಶೌಚಾಲಯಕ್ಕಾಗಿ ಅವಳ ಹೆಬ್ಬೆಟ್ಟು ಒತ್ತಿಸಿ ಮಹಾನಗರಪಾಲಿಕೆಗೆ ಅರ್ಜಿ ಕೊಟ್ಟವಳು ನಾನು. ಇವನು ಗೆದ್ದರೆ ಆ ಅರ್ಜಿಯ ಗತಿ ಏನೆಂದು ಯಾರು ಬೇಕಾದರೂ ಹೇಳಬಹುದು.

ವಾರ್ಡಿನ ನಮ್ಮ ಪಕ್ಷದ ಅಧ್ಯಕ್ಷರು ಬೆಳಗಾವಿ ಕಡೆಯ ವ್ಯಾಪಾರಿ. ಅವರ ಅಂಗಡಿಗೇ ಹೋಗಿ ಜಗಳ ತೆಗೆದೆ.

“ಅಂವಾ ಎಂಥಾಂವ ಅಂತ ನನಗೂ ಗೊತ್ತದ ರೀ ವೈನಿ,” ಅಂದರು. “ಆದ್ರ ವಾರ್ಡಿನ್ಯಾಗ ನಾವು ನಿಲ್ಲಿಸಿದ ಉಳದ ಮೂರೂ ಮಂದಿ ಛಲೋ ಅದಾರ. ಎದುರಿನವ್ರು ಬಂದ್ರ ವಸ್ತೀನ ಎಬ್ಬಸ್ತೀವಿ ಅಂತ ಹೇಳ್ಯಾರ. ಒಬ್ಬನ ಸಲುವಾಗಿ ಎಲ್ಲಾ ಕಳಕೊಳ್ಳೂದೇನು?”

“ನಿಮ್ಮ ಮನಿ ಹೆಣ್ಣಮಕ್ಕಳಿಗೆ ಸಂಡಾಸ ಇಲ್ದಂಗ ಮಾಡಿದ್ರ ಹಿಂಗ ಮಾತಾಡ್ತಿದ್ರೇನ್ರಿ?”

“ಆರಿಸಿ ಬರ್ಲಿ, ನಾವ ಅವನ ಕಡಿಂದ ಕಟ್ಟಸೂಣು.”

“ಕಟ್ಟಸ್ತೀರಿ, ಕಟ್ಟಸ್ತೀರಿ! ಅಂವಾ ನಿಮಗ ಟೋಪಿ ಹಾಕ್ತಾನ ನೋಡ್ರಿ,” ಎಂದು ಎದ್ದು ಬಂದೆ. ಆದರೆ ವಸ್ತಿ ಎಬ್ಬಿಸುವ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮನೆಯೇ ಹೋದರೆ ಶೌಚಾಲಯ ಯಾರಿಗೆ ಬೇಕು?

ಇಲ್ಲಿಯ ಪಾಲಿಕೆ ಚುನಾವಣೆಯಲ್ಲಿ ನಮ್ಮ ವಾರ್ಡಿಗೆ ನಾಲ್ಕು ಸ್ಥಾನ. ಪ್ರತಿಯೊಬ್ಬರೂ ನಾಲ್ಕು ಗುಂಡಿ ಒತ್ತಬೇಕು. ನಾಲ್ಕೂ ಆದ ಮೇಲೆಯೇ ಮಷೀನು ಕೂಗುತ್ತದೆ. ಓದು ಬಾರದವರಿಗೆ ಕಲಿಸಲೆಂದು ಪಕ್ಷದವರು ಒಂದು ನಕಲಿ ಮಷೀನು ಕೊಡುತ್ತಾರೆ. ಅದರಲ್ಲಿ ಅಚ್ಚಾಗಿರುವುದು ನಮ್ಮ ಚಿಹ್ನೆಯೊಂದೇ, ಉಳಿದ ಸಾಲೆಲ್ಲ ಖಾಲಿ. ಆ ಮನುಷ್ಯನ ಹೆಸರು ನಾಲ್ಕನೆಯ ಸ್ಥಾನದಲ್ಲಿತ್ತು. ಮೂರಕ್ಕೆ ಕಲಿಸಿ ನಾಲ್ಕನೆಯದಕ್ಕೆ ಬಾಯಿ ಮುಚ್ಚಿಕೊಂಡರಾಯಿತು ಎಂದು ನಾನೊಂದು ಜಾಣತನ ಮಾಡಿದೆ. ಸುಡಲಿ ಆ ಜಾಣತನ.

ವಸ್ತಿಯ ಕಟ್ಟೆಯ ಮೇಲೆ ಮಷೀನು ಇಟ್ಟುಕೊಂಡು ಕೂತೆ. ಅವನ ಕಡೆಯ ಇಬ್ಬರು ಕೊರಳಿಗೆ ಶಾಲು ಸುತ್ತಿಕೊಂಡು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. “ಇದನ್ನ ಒತ್ರಿ, ಇದನ್ನ, ಇದನ್ನ,” ಎಂದು ಮೂರನ್ನು ಜೋರಾಗಿ ಹೇಳಿದೆ. ನಾಲ್ಕನೆಯದಕ್ಕೆ “ಇದು ನಿಮ್ಮ ಮನಸಿಗೆ ಬಂದಂಗ,” ಎಂದು ಗೊಣಗಿದೆ.

“ಮನಸಿಗೆ ಬಂದಂಗ ಅಂದ್ರ ಯಾವುದ್ರಿ ಅಕ್ಕಾರ?” ಅತ್ತಿ ಬಗ್ಗಿ ನೋಡಿದಳು. “ಇಲ್ಲಿ ಇರೂದ ಒಂದ ಚಿತ್ರ.”

ನಿಜವಾದ ಮಷೀನಿನಲ್ಲಿ ಪ್ರತಿ ಸ್ಥಾನದ ಹೆಸರುಗಳ ಕೆಳಗೆ ‘ಇವರು ಯಾರೂ ಬೇಡ’ ಎನ್ನುವ ಗುಂಡಿಯೂ ಇರುತ್ತದೆ. ಅದನ್ನು ಹೇಳಲು ಒಂದು ಮಾತು ಸಾಕಾಗಿತ್ತು. ಹೇಳಲಿಲ್ಲ. ಎಲ್ಲರೂ ನನ್ನ ಬೆರಳನ್ನೇ ನೋಡುತ್ತಿದ್ದರು. ನಾನು ಚಿಹ್ನೆಯ ಮುಂದಿನ ಗುಂಡಿಯನ್ನೇ ಒತ್ತಿದೆ. ಮಷೀನು ಕೂಗಿತು, ಹೆಂಗಸರು ನಕ್ಕರು.

ಮತದಾನದ ದಿನ ನಾನು ಮೂರು ಓಟು ಪಕ್ಷಕ್ಕೆ ಹಾಕಿ, ನಾಲ್ಕನೆಯದಕ್ಕೆ ಆ ಕೆಳಗಿನ ಗುಂಡಿ ಒತ್ತಿದೆ. ದೊಡ್ಡ ಸಾಧನೆ ಮಾಡಿದವಳಂತೆ ಎದೆಯುಬ್ಬಿಸಿಕೊಂಡು ಹೊರಗೆ ಬಂದೆ. ಅವನು ಕೂದಲೆಳೆಯ ಅಂತರದಲ್ಲಿ ಗೆದ್ದ. ನಿಮ್ಮ ವಸ್ತಿಯ ಓಟುಗಳೇ ಗೆಲ್ಲಿಸಿದವು ಎಂದು ಅಧ್ಯಕ್ಷರು ಫೋನ್ ಮಾಡಿ ಹೊಗಳಿದರು. ತಿಂಗಳೊಳಗೆ ಆ ಫರಸಿ ಜಾಗದ ಸುತ್ತ ಗೋಡೆ ಎದ್ದಿತು, ಗೇಟೂ ಬಂತು.

ಗೋಡೆ ಕಂಡ ಸಿಟ್ಟಿನಲ್ಲಿ ನೆಟ್ಟಗೆ ಅತ್ತಿಯ ಬಳಿ ಹೋದೆ. ಅವಳು ಮೆಣಸಿನಕಾಯಿಯ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತಿದ್ದಳು.

“ಅಂವಗ ಯಾಕ ಒತ್ತಿದ್ರಿ ನೀವೆಲ್ಲಾ? ನಿಮ್ಮ ಸಂಡಾಸ ಕೆಡವಿದಂವಾ ಅಂವನ ಅಲ್ಲೇನು?”

ಅತ್ತಿ ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು.

“ಅಯ್ಯ, ಅಂವನ ಮಾರಿ ನೋಡಿ ಯಾರ್ ಒತ್ತ್ಯಾರ್ರಿ ಅಕ್ಕಾರ? ನಿಮ್ಮ ಮಾರಿ ನೋಡಿ ಒತ್ತೀವಿ. ಅರ್ಜಿ ಕೊಟ್ಟ ನೀವ ತೋರ್ಸಾಕತ್ತೀರಿ ಅಂದ್ರ ಅಂವಾ ಸಂಡಾಸ ಕಟ್ಟಸೂ ಮಾತು ಪಕ್ಕಾ ಆಗಿರಬೇಕು ಅಂದ್ಕೊಂಡ್ವಿ.” ಕೈಯ ಕೆಲಸ ನಿಲ್ಲಿಸಿ ನನ್ನನ್ನು ನೋಡಿದಳು. “ನೀವೂ ಅಂವಗ ಒತ್ತೀರಿ, ಹೌದಲ್ಲೊ?”

“ಹೂಂ,” ಅಂದೆ.