ಹಸಿ ಅಚ್ಚು

ನಮ್ಮ ಬೀದಿಯವರು ಅವಳನ್ನು ಮೇಣದಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರಿಗೂ ಅವಳು ಅಕ್ಕನೇ. ನಾನು ಅವರ ಮನೆಯ ಮಹಡಿಯಲ್ಲಿ ಹದಿನಾರು ವರ್ಷ ಬಾಡಿಗೆಗಿದ್ದೆ. ಕೆಳಗೆ ಅವಳು, ಅವಳ ಅಣ್ಣ, ಅತ್ತಿಗೆ. ರಸ್ತೆಯ ಕಡೆಗಿದ್ದ ಕೋಣೆಯಲ್ಲಿ ಅವಳ ಕೆಲಸ, ಹಿತ್ತಿಲ ತಗಡಿನ ಮಾಡಿನ ಕೆಳಗೆ ಅಣ್ಣನ ಕುಲುಮೆ.

ಬುದ್ಧನ ಮೂರ್ತಿ, ಪ್ರಾರ್ಥನೆಯ ಕೈಗಂಟೆ, ಬೋಧಿಬೀಜದ ಜಪಮಾಲೆ, ಹೀಗೆ ವಿಹಾರಗಳಿಗೆ ಬೇಕಾದದ್ದನ್ನೆಲ್ಲ ಅವರ ಅಪ್ಪ ಕೈಯಲ್ಲೇ ಮಾಡಿಕೊಡುತ್ತಿದ್ದರಂತೆ. ಅವರು ಹೋದ ಮೇಲೆ ಕೆಲಸ ತಾನಾಗಿ ಎರಡು ಪಾಲಾಯಿತು. ಮೇಣ ತಂಗಿಯದು, ಬೆಂಕಿ ಅಣ್ಣನದು. ಅವಳು ಜೇನುಮೇಣಕ್ಕೆ ಒಂದಿಷ್ಟು ರಾಳ ಬೆರೆಸಿ, ಬೆಚ್ಚಗಿನ ನೀರಿನಲ್ಲಿ ಮೆದುಮಾಡಿ, ಬಿದಿರುಕಡ್ಡಿಯಿಂದ ಮೂರ್ತಿ ತಿದ್ದುವಳು. ಅದರ ಮೇಲೆ ಬಟ್ಟೆಯಲ್ಲಿ ಸೋಸಿದ ಜೇಡಿಮಣ್ಣು, ಆಮೇಲೆ ಹೊಟ್ಟು ಕಲಸಿದ ಒರಟು ಮಣ್ಣು, ಪದರದ ಮೇಲೆ ಪದರ. ನೆರಳಲ್ಲಿ ಒಣಗಿದ ಆ ಅಚ್ಚನ್ನು ಅಣ್ಣ ಕಾಯಿಸಿ, ಒಳಗಿನ ಮೇಣವನ್ನೆಲ್ಲ ಇಳಿಸಿ, ಖಾಲಿಯಾದ ಜಾಗಕ್ಕೆ ಕರಗಿದ ಹಿತ್ತಾಳೆ ಸುರಿಯುವನು. ಆರಿದ ಮೇಲೆ ಅಚ್ಚು ಒಡೆದರೆ ಒಳಗೆ ಬುದ್ಧ.

"ನೀನು ವಾರಗಟ್ಲೆ ಕೂತು ಮಾಡಿದ್ದನ್ನ ಅರ್ಧ ಗಂಟೇಲಿ ಕರಗಿಸೋದೇ ನನ್ನ ಉದ್ಯೋಗ ನೋಡು" ಎಂದು ಅಣ್ಣ ನಗುತ್ತಿದ್ದ. ಅವನ ಬಾಯಿಗೆ ಬೀಗವೇ ಇರಲಿಲ್ಲ.

ನಾನು ಬಂದ ಮೂರನೇ ವರ್ಷ ಅವಳಿಗೆ ಮೂವತ್ತನಾಲ್ಕು. ಗಂಟೆಗಳಿಗೆ ಮರದ ಹಿಡಿ ಕಡೆದು ತರುತ್ತಿದ್ದ ಬಡಗಿಯೊಬ್ಬನಿದ್ದ. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಹತ್ತು ಹಿಡಿ ಬೇಕೆಂದರೆ ಐದೈದಾಗಿ ಎರಡು ಸಲ ಬರುತ್ತಿದ್ದ. "ಹತ್ತು ಹಿಡಿ ಒಂದು ಚೀಲದಲ್ಲಿ ಹಿಡಿಯಲ್ವಾ ಇವನಿಗೆ?" ಎಂದು ಅತ್ತಿಗೆ ಕೇಳಿದರೆ ಮೇಣದಕ್ಕನ ಕಿವಿ ಕೆಂಪಗಾಗುತ್ತಿತ್ತು. ಒಂದು ದಿನ ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತ, ನೆಲ ನೋಡಿಕೊಂಡೇ ಹೇಳಿದ: "ನಾಳೆ ಮೂರು ಗಂಟೆಗೆ ನಮ್ಮಕ್ಕ ಬರ್ತಾಳೆ. ನೀವೂ ನಮ್ಮನೆಗೆ ಬಂದ್ರೆ... ಮಾತಾಡ್ಬಹುದಿತ್ತು."

ಆ ನಾಳೆಯೇ ಎರಡಡಿಯ ಬುದ್ಧನ ಎರಕ. ನಾಲ್ಕು ದಿನದಿಂದ ಮೋಡ ಕವಿದು ಅಚ್ಚಿನ ಬೆನ್ನಿನ ದಪ್ಪ ಪದರ ಸರಿಯಾಗಿ ಒಣಗಿರಲಿಲ್ಲ. ವಿಹಾರದವರು ಮರುದಿನ ಬೆಳಿಗ್ಗೆಯೇ ಬರುವವರು. ಹಸಿಯಿದೆ ಎಂದರೆ ಅವಳು ಸಂಜೆಯವರೆಗೂ ಅಚ್ಚನ್ನು ಕೆಂಡದ ಪಕ್ಕ ತಿರುಗಿಸುತ್ತ ಕೂರಬೇಕಿತ್ತು.

"ಬೆನ್ನು ಒಣಗಿದೆಯೇನೇ?" ಅಣ್ಣ ಹಿತ್ತಿಲಿಂದ ಕೂಗಿದ.

ಅವಳು ತಲೆ ಬಾಚಿಕೊಳ್ಳುತ್ತಿದ್ದಳು. "ಒಣಗಿದೆ ಅಣ್ಣ. ನಾನೇ ನೋಡ್ದೆ."

ನಾನು ಮೇಲೆ ಬಟ್ಟೆ ಹರವುತ್ತಿದ್ದೆ. ತಗಡಿನ ಮಾಡಿಗೆ ಯಾರೋ ಕಲ್ಲು ತೂರಿದಂಥ ಸದ್ದು, ಹಿಂದೆಯೇ ಅಣ್ಣನ ಕೂಗು. ಹಸಿ ಅಚ್ಚಿಗೆ ಕಾದ ಲೋಹ ಬಿದ್ದರೆ ಒಳಗಿನ ನೀರು ಆವಿಯಾಗಿ ಲೋಹವನ್ನೇ ಎತ್ತಿ ಎಸೆಯುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ನಾನು ಇಳಿದು ಓಡಿದಾಗ ಮೇಣದಕ್ಕ ಕೊಡದಿಂದ ಅವನ ಮುಖಕ್ಕೆ ನೀರು ಸುರಿಯುತ್ತಲೇ ಇದ್ದಳು. ಕೊಡ ಖಾಲಿಯಾಗಿದ್ದೂ ಅವಳಿಗೆ ಗೊತ್ತಾಗಿರಲಿಲ್ಲ.

ಎರಡು ಕಣ್ಣೂ ಹೋದವು.

ಅತ್ತಿಗೆ ನೋಡಲು ಬಂದವರಿಗೆಲ್ಲ "ಹಣೆಬರಹ" ಎಂದರು. ಮೇಣದಕ್ಕ ಆ ಒಂದು ಮಾತಿನ ಹಿಂದೆ ಅಡಗಿಕೊಂಡಳು. ಬಡಗಿಗೆ ಆಗುವುದಿಲ್ಲ ಎಂದು ಅತ್ತಿಗೆಯ ಕೈಲೇ ಹೇಳಿಕಳಿಸಿದಳು. ಅವನು ಎರಡು ವರ್ಷ ಕಾದು, ಬೇರೆ ಮದುವೆಯಾದ. ಹಿಡಿ ತರುವುದನ್ನು ಮಾತ್ರ ಬಿಡಲಿಲ್ಲ. ಹತ್ತಕ್ಕೆ ಹತ್ತೂ ಒಂದೇ ಚೀಲದಲ್ಲಿ.

ಅಣ್ಣ ನಾಲ್ಕು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ. ಒಂದು ದಿನ ಅತ್ತಿಗೆ ಬೋಧಿಬೀಜದ ಮೊರವನ್ನು ತಂದು ಅವನ ತೊಡೆಯ ಮೇಲಿಟ್ಟು, "ಸುಮ್ನೆ ಬಿದ್ದಿರೋ ಬದ್ಲು ಇದನ್ನಾದ್ರೂ ಆರಿಸಿ" ಎಂದರು. ಬೆರಳಲ್ಲೇ ಹುಳುಕು ಬೇರೆ, ಗಟ್ಟಿ ಬೇರೆ ಮಾಡಲು ಕಲಿತ. ಕೈಬೈರಿಗೆಯಲ್ಲಿ ತೂತು ಕೊರೆಯಲು ಕಲಿತ. ಮೊದಲ ತಿಂಗಳು ಬೀಜಕ್ಕಿಂತ ಹೆಚ್ಚಾಗಿ ಹೆಬ್ಬೆರಳನ್ನೇ ಕೊರೆದುಕೊಂಡ. ನೂರೆಂಟು ಮಣಿಯ ಮಾಲೆಗಳು ಅವನ ಕೈಯಿಂದ ಲೆಕ್ಕ ತಪ್ಪದೆ ಇಳಿಯತೊಡಗಿದವು. ಮಾಲೆ ಕೊಳ್ಳಲು ಬಂದ ವೃದ್ಧ ಭಿಕ್ಷುವೊಬ್ಬರು ಮರುಗಿದಾಗ, "ಬುದ್ಧನೂ ಕಣ್ಣು ಮುಚ್ಕೊಂಡೇ ಕೂತಿರ್ತಾನಲ್ಲ ಸ್ವಾಮಿ, ಅವನಿಗಿಲ್ಲದ ಕಷ್ಟ ನನಗ್ಯಾಕೆ?" ಎಂದು ನಗಿಸಿದ. ಒಳಗೆ ಮೇಣ ಮಿದಿಯುತ್ತಿದ್ದವಳು ಮಾತ್ರ ನಗಲಿಲ್ಲ.

ಕುಲುಮೆ ಈಗ ಅವಳದಾಯಿತು. ಕರಗಿದ ಹಿತ್ತಾಳೆಯ ಮೂಸೆಯನ್ನು ಭಾರದ ಇಕ್ಕುಳದಲ್ಲಿ ತಾನೇ ಎತ್ತಲು ಕಲಿತಳು. ಅಣ್ಣ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬೆಂಕಿಯ ಸದ್ದು, ಹೊಗೆಯ ವಾಸನೆಯಲ್ಲೇ ಹೇಳಿಕೊಡುತ್ತಿದ್ದ. ಹೀಗೆ ಹನ್ನೆರಡು ವರ್ಷ.

ಒಂದು ಮಧ್ಯಾಹ್ನ ಅವಳು ಹೊಸ ಅಚ್ಚೊಂದನ್ನು ಅವನ ಪಕ್ಕದಲ್ಲಿಟ್ಟಳು. ಅಣ್ಣ ಬೆರಳ ಗೆಣ್ಣಿನಿಂದ ತಟ್ಟಿ, "ದೊಪ್ ಅಂತಿದೆ. ಇನ್ನೂ ಹಸಿ ಕಣೇ" ಎಂದ.

ಅದೆಷ್ಟೋ ಸಲ ಹೇಳಿದ್ದ ಮಾತೇ. ಅವತ್ತು ಅವಳಿಗೆ ತಡೆಯಲಾಗಲಿಲ್ಲ. ಅಲ್ಲೇ ಕೂತು ಎಲ್ಲವನ್ನೂ ಹೇಳಿದಳು: ತಲೆ ಬಾಚುತ್ತಿದ್ದದ್ದು, ಮೂರು ಗಂಟೆ, ನೋಡದೆಯೇ ನೋಡಿದೆ ಎಂದದ್ದು.

ಅಣ್ಣ ಅಚ್ಚಿನ ಮೇಲಿದ್ದ ಕೈ ತೆಗೆದ. "ಹಸಿ ಇದ್ದದ್ದು ನಂಗೊತ್ತಿತ್ತಲ್ಲೇ" ಎಂದ.

"ಏನಂದೆ?"

"ಅವತ್ತು ನೀನು ಒಣಗಿದೆ ಅಂದ್ಮೇಲೂ ತಟ್ಟಿ ನೋಡಿದ್ದೆ. ಹೀಗೇ ದೊಪ್ ಅಂದಿತ್ತು. ಎಷ್ಟೋ ಸಲ ಅಂಥದ್ದಕ್ಕೆ ಸುರಿದಿದ್ದೆ, ಏನೂ ಆಗಿರ್ಲಿಲ್ಲ. ಇವತ್ತೇನಾಗುತ್ತೆ ಬಿಡು ಅಂತ ಸುರಿದುಬಿಟ್ಟೆ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನನ್ನ ಕಣ್ಣು ನಾನೇ ಕಳ್ಕೊಂಡೆ ಅಂತ ಹೆಂಡತಿ ಮುಂದೆ ಹೇಳೋಕೆ ನಾಚಿಕೆಯಾಯ್ತು. ಅವಳು ಹಣೆಬರಹ ಅಂದ್ಲು, ನಾನೂ ಹೂಂ ಅಂದೆ."

"ಬಡಗಿಗೆ ನಾನು ಯಾಕೆ ಬೇಡ ಅಂದೆ ಅಂದ್ಕೊಂಡಿದ್ದೆ ನೀನು?"

"ನಮ್ಮನ್ನ ನೋಡ್ಕೊಳ್ಳೋಕೆ ಅಂತ" ಎಂದವನಿಗೆ ಹೇಳುತ್ತ ಹೇಳುತ್ತಲೇ ಅರ್ಥವಾಗಿರಬೇಕು. ಆ ಸುಳ್ಳಿಗಾಗಿಯೇ ಅವಳು ಮದುವೆ ಬಿಟ್ಟಿದ್ದಳು. ಕೈ ಚಾಚಿ ಅವಳ ತಲೆಗಾಗಿ ತಡಕಾಡಿದ. ಅವಳು ತಲೆಯನ್ನು ಹಿಂದಕ್ಕೆಳೆದುಕೊಂಡಳು. ಆ ಕೈ ಗಾಳಿಯಲ್ಲಿ ಅತ್ತಿತ್ತ ಹುಡುಕಿ, ಮೆಲ್ಲಗೆ ತನ್ನ ಮಡಿಲಿಗೆ ಮರಳಿತು.

ಎಷ್ಟೋ ತಿಂಗಳ ಮೇಲೆ ನನ್ನೆದುರು ಇದನ್ನೆಲ್ಲ ಹೇಳುವಾಗ ಅವಳು ಅತ್ತದ್ದು ಈ ಜಾಗಕ್ಕೆ ಬಂದಾಗ ಮಾತ್ರ. "ಸುಳ್ಳು ಹೇಳಿದ್ದಕ್ಕಾದ್ರೂ ಒಂದು ಕಾರಣ ಇತ್ತು. ತಲೆ ಎಳ್ಕೊಂಡಿದ್ದಕ್ಕೆ ಏನಿತ್ತು, ಹೇಳಿ?"

ಅವರಿಬ್ಬರ ಮಾತು ನಡೆದ ಆ ಮಧ್ಯಾಹ್ನ ಅಡುಗೆಮನೆ ಕಿಟಕಿಯ ಆಚೆ ಅತ್ತಿಗೆ ಪಾತ್ರೆ ತೊಳೆಯುತ್ತ ನಿಂತಿದ್ದರು. ಪ್ರತಿಯೊಂದು ಮಾತೂ ಕೇಳಿಸಿತ್ತು. ಅವತ್ತು ಇಬ್ಬರಿಗೂ ಊಟ ಬಡಿಸಿದರು, ತಾವು ಉಣ್ಣಲಿಲ್ಲ.

ಆಮೇಲೆ ಅಣ್ಣ ತಂಗಿ ಮಾತಾಡದೆ ಇರಲಿಲ್ಲ. ಆದರೆ ದಾರ ತಾ, ಬೀಜ ತಾ, ಅಷ್ಟೇ. ಸಮಯ ಬಂದಾಗ ಸರಿಹೋಗುತ್ತದೆ ಎಂದು ಇಬ್ಬರೂ ಅಂದುಕೊಂಡಿರಬೇಕು. ಮೂರನೇ ವಾರ ಒಂದು ಬೆಳಿಗ್ಗೆ ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದ ಅಣ್ಣ ಎದೆ ಹಿಡಿದುಕೊಂಡು ಬಿದ್ದ. ವೈದ್ಯರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹದಿನೈದು ದಿನವಾದ ಮೇಲೆ ಅತ್ತಿಗೆ ತಮ್ಮ ತಂಗಿಯ ಮನೆಗೆ ಹೊರಟು ನಿಂತರು. ಮೇಣದಕ್ಕ ಚೀಲ ಹಿಡಿದುಕೊಂಡು ಬಸ್ಸಿನವರೆಗೆ ಹೋದಳು.

"ನನ್ನ ಮೇಲೆ ಕೋಪನಾ ಅತ್ತಿಗೆ?"

"ನಿಮ್ಮಿಬ್ಬರ ಮೇಲೂ. ಅವರ ಮೇಲೆ ಕೋಪ ಮಾಡ್ಕೊಳ್ಳೋಕೆ ಅವರಿಲ್ಲ. ಇರೋಳು ನೀನೊಬ್ಬಳು. ಎಲ್ಲಾನೂ ನಿನ್ನ ಮೇಲೆ ಹಾಕಿಬಿಡ್ತೀನೇನೋ ಅಂತ ಭಯ ನಂಗೆ."

ಹತ್ತು ತಿಂಗಳು ಅವಳು ಒಬ್ಬಳೇ ಇದ್ದಳು. ಮೇಣದ ಕೆಲಸ ಮಾಡಿದಳು, ಎರಕ ಹೊಯ್ದಳು, ಅರ ಹಿಡಿದು ಉಜ್ಜಿದಳು. ಮಾಲೆ ಕೇಳಿಕೊಂಡು ಬಂದವರಿಗೆ ಇಲ್ಲ ಎಂದಳು. ನಾನು ಇಳಿದುಹೋಗಿ ಆಗಾಗ ಪಕ್ಕದಲ್ಲಿ ಕೂರುತ್ತಿದ್ದೆ. ಎರಡು ತಟ್ಟೆ ಇಟ್ಟು, ಒಂದನ್ನು ವಾಪಸ್ ತೆಗೆದಿಡುವುದನ್ನು ನೋಡಿದ್ದೇನೆ.

ಅತ್ತಿಗೆ ಒಂದು ಮುಂಜಾನೆ ಅದೇ ಚೀಲ ಹಿಡಿದು ಬಾಗಿಲಲ್ಲಿ ನಿಂತರು. ನಾನು ಮೆಟ್ಟಿಲ ಮೇಲಿದ್ದೆ.

"ತಂಗಿ ಮನೇಲಿ ಚೆನ್ನಾಗೇ ನೋಡ್ಕೊಂಡ್ರು" ಎಂದರು ಅತ್ತಿಗೆ. "ಆದ್ರೆ ನಿಮ್ಮಣ್ಣ ಹೀಗಂತಿದ್ರು, ಹಾಗಂತಿದ್ರು ಅಂದ್ರೆ ಅಲ್ಲಿ ಯಾರಿಗೂ ನಗು ಬರಲ್ಲ. ಇಲ್ಲಿ ನೀನಾದ್ರೂ ಇದ್ದೀಯ."

ಮೇಣದಕ್ಕ ಬಾಗಿಲಿಂದ ಪಕ್ಕಕ್ಕೆ ಸರಿದಳು. ಚೀಲ ತೆಗೆದುಕೊಂಡಳು.

"ಹಿತ್ತಿಲಿಗೆ ಮಾತ್ರ ನಾನು ಬರಲ್ಲ" ಎಂದರು ಅತ್ತಿಗೆ.

"ಬೇಡ ಬಿಡಿ."

ಆ ವರ್ಷವೇ ನನಗೆ ಮನೆ ಬಿಡಬೇಕಾಯಿತು. ಬೀಗದ ಕೈ ಕೊಡಲು ಇಳಿದಾಗ ಇಬ್ಬರೂ ಮುಂದಿನ ಕೋಣೆಯಲ್ಲಿ ಎದುರುಬದುರಾಗಿ ಕೂತಿದ್ದರು. ಮೇಣದಕ್ಕ ಗಂಟೆಯೊಂದರ ಅಂಚು ಉಜ್ಜುತ್ತಿದ್ದಳು. ಅತ್ತಿಗೆ ಕೈಬೈರಿಗೆ ಹಿಡಿದು, ಬಾಯಿ ಬಿಗಿದು, ಬೀಜಕ್ಕೆ ತೂತು ಕೊರೆಯುವುದನ್ನು ಕಲಿಯುತ್ತಿದ್ದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.