ವೇಲಿಗೆ ಸಿಕ್ಕಿಸಿದ ಮೈಕು

ಪಾಡ್‌ಕಾಸ್ಟ್ ಎಂದರೇನೆಂದು ಸಾಗರದಲ್ಲಿ ನಾನು ಎಷ್ಟು ಜನರಿಗೆ ವಿವರಿಸಿದ್ದೇನೋ. "ರೇಡಿಯೋ ಥರ" ಎಂದರೆ "ಯಾವ ಸ್ಟೇಷನ್ನು?" ಎನ್ನುತ್ತಾರೆ. "ಮೊಬೈಲಲ್ಲಿ ಕೇಳೋದು" ಎಂದರೆ "ವಿಡಿಯೋನೇ ಮಾಡ್ಬಾರ್ದಾ, ಮುಖ ಚೆನ್ನಾಗೇ ಇದ್ಯಲ್ಲೇ ಮಾರಾಯ್ತಿ" ಎಂಬ ಸಲಹೆ ಬರುತ್ತದೆ. ಮುಖ ನೋಡುತ್ತ ಕೂತವರು ಮಾತು ಕೇಳುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ಹೇಳಿ ಹಲವು ಮದುವೆಮನೆಗಳಲ್ಲಿ ಜಗಳವಾಡಿದ್ದೇನೆ.

ಕಾರ್ಯಕ್ರಮ ನಡೆಸುತ್ತಿದ್ದವರು ಇಬ್ಬರು, ನಾನು ಮತ್ತು ನನ್ನ ಗೆಳತಿ. ನಾನು ಹೊಸನಗರದ ಕಡೆಯವಳು, ಅಜ್ಜನ ಕಾಲಕ್ಕೆ ಗೇಣಿಗೆ ಉಳುತ್ತಿದ್ದ ಮನೆ ನಮ್ಮದು. ಅವಳು ತುಮರಿಯ ತೋಟದವರ ಮನೆಯವಳು. ಕಾಲೇಜಿನಲ್ಲಿ ಇಬ್ಬರದೂ ಒಂದೇ ಬೆಂಚು. ನಾನು ಸಾಗರದಲ್ಲಿ ಒಂದು ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇದ್ದು, ವಾರವೆಲ್ಲ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಭಾನುವಾರ ಗೋಡೆಗೆ ಕಂಬಳಿ ಕಟ್ಟಿದರೆ ಅದೇ ಸ್ಟುಡಿಯೋ. ಸಿಗಂದೂರಿಗೆ ಹರಕೆ ಹೊತ್ತವರು ದೇವಿಯೊಡನೆ ಮಾಡುವ ಚೌಕಾಶಿ, ತೀರ್ಥಹಳ್ಳಿ ಬಸ್ಸಿನ ಕಿಟಕಿ ಸೀಟಿಗೆ ಹೊರಗಿನಿಂದಲೇ ಕರ್ಚೀಫು ಎಸೆಯುವವರ ನ್ಯಾಯ, ಇಂಥವೇ ನಮ್ಮ ವಿಷಯಗಳು. ನಾನು ವಾದ ಹೂಡುವವಳು, ಅವಳು ನಗುವವಳು. ಕೇಳುಗರು ಮೆಚ್ಚಿ ಬರೆಯುತ್ತಿದ್ದುದು ಅವಳ ನಗುವನ್ನೇ. ನನಗೆ ಹೊಟ್ಟೆಕಿಚ್ಚಾಗಲಿಲ್ಲ. ನಗಿಸುತ್ತಿದ್ದವಳು ನಾನಲ್ಲವೇ ಎಂಬ ಜಂಬವಿತ್ತು.

ತುಮರಿಗೆ ಸೇತುವೆ ಆಗುವ ಮುಂಚೆ ಅವಳು ಲಾಂಚಿಗೆ ಕಾದು, ಹಿನ್ನೀರು ದಾಟಿ, ಮತ್ತೆ ಬಸ್ಸು ಹಿಡಿದು ಬರುತ್ತಿದ್ದಳು. ಅಷ್ಟು ಪಡಿಪಾಟಲು ಪಟ್ಟು ಯಾರಾದರೂ ಬರುವುದಿದ್ದರೆ ಅದು ಪ್ರೀತಿಯಿಂದಲೇ ಎಂದು ನಂಬಿದ್ದೆ. ಸೇತುವೆಯಾದ ಮೇಲೆ ಇನ್ನೂ ಬೇಗ ಬಂದಾಳು ಎಂದುಕೊಂಡರೆ ತಡವಾಗಿ ಬರತೊಡಗಿದಳು. ಮನೆಗೆ ನೆಂಟರು, ಅಡಿಕೆಯ ಕೊನೆಕೊಯ್ಲು, ತಲೆನೋವು. ಎಲ್ಲವೂ ನಿಜವೇ ಇರಬೇಕು, ನಾನು ಕೆದಕಲಿಲ್ಲ.

ಒಂದು ಭಾನುವಾರ ಅವಳ ಚೂಡಿದಾರದ ವೇಲಿಗೆ ಪುಟ್ಟ ಮೈಕು ಸಿಕ್ಕಿಸಿ, ನಾನು ಹೆಡ್‌ಫೋನ್ ಹಾಕಿಕೊಂಡು ದನಿ ಸರಿಮಾಡುತ್ತಿದ್ದೆ. ಅವಳಿಗೆ ಅಕ್ಕನ ಫೋನ್ ಬಂತು. ಎದ್ದು ಹಿತ್ತಲಿಗೆ ಹೋದಳು. ಅದು ವೈರಿಲ್ಲದ ಮೈಕು. ಹಾಕಿಕೊಂಡವರು ಅದನ್ನು ಮರೆತೇ ಬಿಡುತ್ತಾರೆ. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಆಗುವ ಎಡವಟ್ಟು ಇದು. ಹೆಡ್‌ಫೋನ್ ತೆಗೆಯಲು ಕೈ ಎತ್ತುವಷ್ಟರಲ್ಲಿ ಅವಳ ಮಾತು ಕೇಳಿಸಿತು.

"ಎಂತ ಮಾಡ್ಲಿ ಅಕ್ಕಾ. ಬ್ಯಾಡ ಹೇಳಲೆ ಬಾಯಿ ಬತ್ತಿಲ್ಲೆ. ಅದ್ಕೆ ನನ್ನ ಬಿಟ್ರೆ ಯಾರಿದ್ದ? ಪಾಪ ಹೇಳಿ ಬತ್ತಾ ಇದ್ದಿ, ಅಷ್ಟೇಯ."

'ಅದ್ಕೆ' ಎಂದರೆ ನನಗೆ. ಅವರ ಮನೆಮಾತಿನಲ್ಲಿ ಹೆಂಗಸರನ್ನು 'ಅದು' ಎನ್ನುವುದು ರೂಢಿ, ಅದರಲ್ಲಿ ತಿರಸ್ಕಾರವೇನಿಲ್ಲ. ನನ್ನನ್ನು ಕೊಂದದ್ದು ಆ 'ಪಾಪ'. ಬೇಡ ಎನ್ನಲು ಬಾಯಿ ಬಾರದೆ, ಪಾಪ ಎಂದು ಬರುತ್ತಿದ್ದಾಳಂತೆ. ಹೆಡ್‌ಫೋನಿನಲ್ಲಿ ಬೇರೆಯವರ ಮಾತು ನಮ್ಮ ತಲೆಯೊಳಗೇ ಯಾರೋ ಕೂತು ಆಡಿದ ಹಾಗೆ ಕೇಳುತ್ತದೆ. ಇಷ್ಟು ವರ್ಷ ಸ್ನೇಹ ಎಂದುಕೊಂಡದ್ದು ಅವಳ ಪಾಲಿಗೆ ಒಂದು ಸೇವೆಯಾಗಿತ್ತೆಂದು ತಿಳಿದು, ಅವಳ ಮೇಲೆ ಸಿಟ್ಟೂ ಬರದಷ್ಟು ಅವಮಾನವಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ಹಾಗೇನಿಲ್ಲ, ಆಡಿದ್ದನ್ನು ಕತ್ತರಿಸಿ ಎಸೆಯಬಹುದು. ಕೇಳಿದ್ದನ್ನು ಏನು ಮಾಡುವುದೋ ನನಗೆ ತಿಳಿಯದು.

ಅವಳು ಒಳಗೆ ಬಂದಳು. ರೆಕಾರ್ಡ್ ಮಾಡಿದೆವು. ನಗಬೇಕಾದಲ್ಲೆಲ್ಲ ಅವಳು ನಕ್ಕಳು. ಅದು ನಿಜದ ನಗುವೋ ಅಲ್ಲವೋ ಎಂದು ಮೊದಲ ಬಾರಿಗೆ ಕಿವಿಗೊಟ್ಟು ಕೇಳಿದೆ. ದನಿಯನ್ನೇ ನಂಬಿ ಬದುಕುವ ನನಗೆ ಗೊತ್ತಾಗಲಿಲ್ಲ.

ಮುಗಿದ ಮೇಲೆ ಚಹಾ ಮಾಡಿದೆ. ಲೋಟ ಕೈಗಿಡುತ್ತ, "ಇನ್ಮೇಲೆ ನಾನೊಬ್ಳೇ ಮಾಡಣ ಅಂತಿದೀನಿ. ನಿಂಗೂ ಓಡಾಟ ತಪ್ಪತ್ತೆ" ಎಂದೆ.

ಅವಳು ಬೈಯಲಿ ಎಂದು ಕಾದೆ. ತಲೆ ಕೆಟ್ಟಿದ್ಯಾ ನಿಂಗೆ ಎನ್ನಲಿ. ಹೋಗಲಿ, ಎಂತಕ್ಕೆ ಎಂದಾದರೂ ಕೇಳಲಿ. ಕೇಳಿದ್ದರೆ ಎಲ್ಲವನ್ನೂ ನುಂಗಿಕೊಂಡು, ಸುಮ್ಮನೆ ತಮಾಷೆಗೆ ಅಂದೆ ಎಂದುಬಿಡುತ್ತಿದ್ದೆ.

"ಹಂಗಾ" ಎಂದಳು. ಚಹಾ ಕುಡಿದಳು. "ನಿಂಗೆ ಸರಿ ಅನ್ಸಿದ್ರೆ ಮಾಡು."

ಆಮೇಲೆ ಅವಳು ವೇಲನ್ನು ಸರಿಸಿ, ಕಾಲು ಮಡಚಿ ಮಂಚದ ಮೇಲೆ ಕೂತಳು. ಕಾಲೇಜಿನ ಲೆಕ್ಚರರ್ ಒಬ್ಬರ ನಡಿಗೆಯ ಸುದ್ದಿ ತೆಗೆದಳು. ಅಕ್ಕನ ಮಗಳ ತಂಟೆ ಹೇಳಿದಳು. ನನ್ನ ತಟ್ಟೆಯಿಂದ ಹಲಸಿನ ಹಪ್ಪಳ ಎತ್ತಿಕೊಂಡಳು. ನಿನ್ನ ಬಸ್ಸಿನ ಹೊತ್ತಾಯ್ತಲ್ಲ ಎಂದು ನಾನೇ ನೆನಪಿಸಬೇಕಾಯಿತು.

"ಹೋಗ್ಲಿ ಬಿಡೇ, ಮುಂದಿನ ಬಸ್ಸಲ್ಲಿ ಹೋಗ್ತೀನಿ" ಎಂದು ದಿಂಬಿಗೆ ಒರಗಿದಳು. ಎಷ್ಟೋ ತಿಂಗಳ ನಂತರ ಅವಳಿಗೆ ನನ್ನ ಜೊತೆ ಕೂರಲು ಮನಸ್ಸಾಗಿತ್ತು, ನಾನು ಅವಳನ್ನು ಬಿಟ್ಟುಕೊಟ್ಟ ಮೇಲೆ.