ಚಂದ್ರದೇವಿಯ ಹಣೆಗೆ ಕುಂಕುಮ

ತೊಂಬತ್ತರ ದಶಕದಲ್ಲಿ ವಿಲಾಯತಿಯ ಕಿಂಗ್ಸ್‌ಬರಿಯಲ್ಲಿ ನಂದೊಂದು ಫೋಟೋಗೆ ಕಟ್ಟು ಹಾಕುವ ಅಂಗಡಿ ಇತ್ತು. ಗಿರಾಕಿಗಳು ಹೆಚ್ಚಾಗಿ ನಮ್ಮ ದೇಶದವರೇ. ಬರುತ್ತಿದ್ದುದು ಲಕ್ಷ್ಮಿ, ಅಂಬಾಭವಾನಿ. ಯಾವ ದೇವಿಯೇ ಇರಲಿ, ಕಟ್ಟು ಹಾಕಿದ ಮೇಲೆ ಗಾಜಿನ ಮೇಲೆ ಹಣೆಗೆ ಸರಿಯಾಗಿ ಕುಂಕುಮ ಇಟ್ಟೇ ಕೊಡುವುದು ನಾನು ಧಾರವಾಡದಿಂದ ತಂದ ರೂಢಿ.

ಒಮ್ಮೆ ದಕ್ಷಿಣ ಅಮೆರಿಕದ ಕೊಲಂಬಿಯಾದ ಹೆಂಗಸೊಬ್ಬಳು ತಾನೇ ಬರೆದ ಚಿತ್ರ ತಂದಳು. ಮುಯಿಸ್ಕಾ ಎಂಬ ತನ್ನ ಪೂರ್ವಿಕರ ಚಂದ್ರದೇವಿಯಂತೆ, ಹೆಸರು ಚಿಯಾ. ತನ್ನೂರಿನ ಹಿಮದ ಬೆಟ್ಟವನ್ನೇ ದೇವಿಯ ಮುಖವಾಗಿ ಬರೆದಿದ್ದಳು. ಶಿಖರದ ಕೆಳಗಿನ ಇಳಿಜಾರೇ ಹಣೆ. ಎಲ್ಲ ಹಾಲಿನಂಥ ಬಿಳುಪು.

ಒಯ್ಯಲು ಬಂದ ದಿನ ಕೆಂಪು ಬೊಟ್ಟು ನೋಡಿ ಬಿಳಚಿಕೊಂಡಳು.

"ಇಲ್ಲಿ ಕೆಂಪು ಅಂತ ನಿಮಗೆ ಯಾರು ಹೇಳಿದರು?"

"ಯಾರೂ ಇಲ್ಲ, ನಮ್ಮ ಅಭ್ಯಾಸ," ಎಂದು ಒರೆಸಲು ಹೋದೆ. ಆಕೆ ಕೈ ತಡೆದಳು. ತನ್ನ ಅಣ್ಣ ಆ ವಾರವಷ್ಟೇ ಊರಿಂದ ಕಳಿಸಿದ್ದ ಫೋಟೋ ತೆಗೆದು ಪಕ್ಕಕ್ಕಿಟ್ಟಳು. ಅದೇ ಬೆಟ್ಟ. ನಾನು ಬೊಟ್ಟಿಟ್ಟ ಜಾಗದಲ್ಲೇ ಹಿಮ ಕರಗಿ ಕೆಂಪು ಬಂಡೆ ಇಣುಕುತ್ತಿತ್ತು.

"ಇರಲಿ ಬಿಡಿ," ಎಂದು ಹಾಗೇ ಒಯ್ದಳು.

ಕೆಲವು ವರ್ಷಗಳ ಮೇಲೆ ಮತ್ತೆ ಬಂದಳು, ಬರಿಗೈಲಿ. ಆ ಕೆಂಪು ಪುಡಿ ಬೇಕಂತೆ. ಚಿಟಿಕೆ ಕುಂಕುಮ ತೆಗೆದು ಪೊಟ್ಟಣ ಕಟ್ಟತೊಡಗಿದೆ.

"ಅಷ್ಟು ಸಾಲದು," ಎಂದಳು. "ಡಬ್ಬಿಯೇ ಬೇಕು."

ಡಬ್ಬಿಯನ್ನೇ ಕೊಟ್ಟೆ. ಸಂಜೆ ಡಬ್ಬಿ ಕಾಣದೆ ಕೇಳಿದ ನನ್ನ ಹೆಂಡತಿ, ದೇವಿಯ ಹಣೆಗೆಂದು ಕೊಟ್ಟೆ ಎಂದದ್ದಕ್ಕೆ ಸಿಡುಕಿದಳು:

"ಡಬ್ಬಿ ತುಂಬ ಕುಂಕುಮ ಹಿಡಿಯೂವಂಥ ಹಣಿ ಯಾವ ದೇವೀದ್ರೀ?"